ಮುಳುಗಿದ ಬಾಯ್ಲರ್ ನೋಡಲು ಹೋದದ್ದು

ನನ್ನ ಮಗಳು ಜನರಿಗೆ ಮುಳುಗುವುದನ್ನು ಕಲಿಸಿ ಸಂಬಳ ತೆಗೆದುಕೊಳ್ಳುತ್ತಾಳೆ. ಹೀಗೆಂದರೆ ಹಲಸೂರಿನ ನಮ್ಮ ಬೀದಿಯಲ್ಲಿ ಯಾರೂ ನಂಬುವುದಿಲ್ಲ. ಕೆಳಗಿನ ಇಸ್ತ್ರಿ ಅಂಗಡಿಯವರು ಮೊದಲ ಸಲ ಕೇಳಿದಾಗ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆಯನ್ನು ಯಾರದೋ ಪ್ಯಾಂಟಿನ ಮೇಲೆ ಮರೆತು, "ಅಲ್ಲ ಗುರು, ಈಜೋದು ಕಲಿಸ್ತಾರೆ ಸರಿ, ಮುಳುಗೋದನ್ನ ಯಾಕೆ ಕಲಿಸ್ಬೇಕು? ಅದು ತಾನಾಗೇ ಬರುತ್ತಲ್ಲ" ಎಂದಿದ್ದರು. ನನಗೂ ಆಗ ಸರಿಯಾದ ಉತ್ತರ ತಿಳಿದಿರಲಿಲ್ಲ. ಪ್ಯಾಂಟು ಮಾತ್ರ ಸುಟ್ಟಿತು.

ಅವಳು ಕೆಲಸ ಮಾಡುವುದು ಇಂದಿರಾನಗರದ ಒಂದು ಸ್ಕೂಬಾ ಶಾಲೆಯಲ್ಲಿ. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು, ಬಾಯಲ್ಲಿ ಕೊಳವೆ ಕಚ್ಚಿಕೊಂಡು ಸಮುದ್ರದ ತಳಕ್ಕೆ ಇಳಿದು ಮೀನು ನೋಡಿ ಬರುವ ವಿದ್ಯೆ ಅದು. ಮೊದಲ ಪಾಠಗಳು ಈಜುಕೊಳದಲ್ಲಿ, ಕೊನೆಯವು ಅಂಡಮಾನಿನಲ್ಲಿ. ಸಮುದ್ರ ನೋಡಬೇಕೆಂದರೆ ಒಂದು ದಿನ ಪ್ರಯಾಣ ಮಾಡಬೇಕಾದ ಊರಿನಲ್ಲಿ ಕುಳಿತು ಸಮುದ್ರದ ವಿದ್ಯೆ ಕಲಿಸುವುದು, ಅದನ್ನು ಕಲಿಯಲು ಜನ ಸಾಲು ನಿಲ್ಲುವುದು, ಇವೆರಡೂ ಬೆಂಗಳೂರಿನಲ್ಲಿ ಮಾತ್ರ ಸಾಧ್ಯ.

ನಾನು ನೀರಿನವನಲ್ಲ, ಹಬೆಯವನು. ಸೇಡಂ ಕಡೆಯಿಂದ ಚಿಕ್ಕ ವಯಸ್ಸಿನಲ್ಲಿ ಬಂದು, ಕೆ.ಆರ್. ಪುರದ ಹತ್ತಿರ ಬಟ್ಟೆ ತೊಳೆಯುವ ಒಂದು ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ. ಬೆಳಗ್ಗೆ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸಿಳಿದು, ಆ ಜನಜಂಗುಳಿಯಲ್ಲಿ ನುಸುಳಿ, ಶೆಡ್ಡಿನ ಬಾಗಿಲು ತೆರೆದು, ಬಾಯ್ಲರಿನ ಹೊಟ್ಟೆಯ ಮೇಲೊಮ್ಮೆ ಬೆರಳ ಗೆಣ್ಣಿನಿಂದ ತಟ್ಟಿದರೆ ನನ್ನ ದಿನ ಶುರುವಾಗುತ್ತಿತ್ತು. ಸದ್ದಿನಲ್ಲೇ ಅದರ ಕ್ಷೇಮಸಮಾಚಾರ ತಿಳಿಯುತ್ತಿತ್ತು. ಹೆಂಡತಿ ಮನೆಯಲ್ಲಿ ಜೋಳದ ರೊಟ್ಟಿ ಬಡಿದು ಸುತ್ತಲಿನ ಹಾಸ್ಟೆಲುಗಳಿಗೆ ಕಳಿಸುತ್ತಾಳೆ. ಅಂದರೆ ಇಬ್ಬರದೂ ಬೆಂಕಿಯ ಕಸುಬು. ಮಗಳು ಹೇಗೆ ನೀರಿನ ಪಾಲಾದಳೋ ದೇವರೇ ಬಲ್ಲ.

ಎರಡು ವರ್ಷದ ಹಿಂದೆ ಕಾರ್ಖಾನೆಯವರು ಹೊಸ ಬಾಯ್ಲರ್ ತಂದರು. ಅದಕ್ಕೆ ಬೆಂಕಿಯ ಬಾಯಿಲ್ಲ, ಹೊಗೆಯಿಲ್ಲ, ನೋಡಲು ದೊಡ್ಡ ಫ್ರಿಜ್ಜು. ನನ್ನದನ್ನು ಗ್ಯಾಸಿನಲ್ಲಿ ಕತ್ತರಿಸಿ, ತುಂಡು ತುಂಡಾಗಿ ಲಾರಿಗೆ ಹಾಕಿದರು. ಫ್ರಿಜ್ಜಿನ ಮುಂದೆ ಒಂದು ಕುರ್ಚಿ ಹಾಕಿ, ಪರದೆಯಲ್ಲಿ ಹಸಿರು ದೀಪ ಇದೆಯೋ ಇಲ್ಲವೋ ನೋಡುತ್ತಿರಿ ಎಂದರು. ಆ ಸಂಜೆ ಮನೆಗೆ ಬಂದು ನಾನು ಅತ್ತೆ. ಹೆಂಡತಿ ಕೇಳಿದಾಗ ಕಣ್ಣಿಗೆ ಹೊಗೆ ಹೋಗಿದೆ ಎಂದೆ. ಹೊಗೆಯೇ ಇಲ್ಲದ ಬಾಯ್ಲರ್ ಬಂದಿದೆ ಎಂದು ಅವಳಿಗೆ ಐದು ನಿಮಿಷದ ಮುಂಚೆ ಹೇಳಿದ್ದವನೂ ನಾನೇ. ಅವಳು ಒಂದು ರೊಟ್ಟಿ ಹೆಚ್ಚಿಗೆ ಬಡಿಸಿದಳು.

ಹೀಗಿರುವಾಗ ಒಂದು ಭಾನುವಾರ ಮಗಳು ಮೊಬೈಲಿನಲ್ಲಿ ತಾನು ತೆಗೆದ ವಿಡಿಯೋ ತೋರಿಸುತ್ತಿದ್ದಳು. ಅಂಡಮಾನಿನ ಒಂದು ದ್ವೀಪದ ಪಕ್ಕದಲ್ಲಿ ಹಳೆಯ ಕಾಲದ ಹಡಗೊಂದು ಮುಳುಗಿದೆಯಂತೆ. ಮರವೆಲ್ಲ ಕರಗಿ ಹೋಗಿದೆ, ತಗಡೆಲ್ಲ ತೂತಾಗಿದೆ, ಹವಳ ಬೆಳೆದಿದೆ, ಮೀನುಗಳು ಸಂಸಾರ ಹೂಡಿವೆ. ನಾನು ಕಾಫಿ ಕುಡಿಯುತ್ತ ಅರೆಗಣ್ಣಲ್ಲಿ ನೋಡುತ್ತಿದ್ದೆ.

"ಇದೊಂದು ದೊಡ್ಡ ಡ್ರಮ್ಮು ಅಪ್ಪಾ, ಇದರೊಳಗೆ ಸಿಂಹಮೀನು ಇರುತ್ತೆ" ಎಂದಳು.

ಲೋಟ ಕೆಳಗಿಟ್ಟೆ. ಡ್ರಮ್ಮಂತೆ! ಮೂರು ಉರಿಬಾಯಿಗಳು ಸಾಲಾಗಿ, ಅದರ ಮೇಲೆ ಕೊಳವೆಗಳ ತೂತುಗಳ ತಟ್ಟೆ, ಪಕ್ಕದಲ್ಲಿ ಮನುಷ್ಯ ಒಳಗಿಳಿಯುವ ಕಿಂಡಿ. ಹಡಗು ಹಡಗಾಗಿ ಉಳಿದಿರಲಿಲ್ಲ, ಬಾಯ್ಲರ್ ಮಾತ್ರ ನೆಟ್ಟಗೆ ನಿಂತಿತ್ತು. ನನಗೆ ಹೊಟ್ಟೆಕಿಚ್ಚಾಯಿತು. ಆ ಹಡಗಿನಲ್ಲಿ ಬೆಂಕಿ ಹಾಕುತ್ತಿದ್ದವನು ಸತ್ತು ಎಷ್ಟು ಕಾಲವಾಯಿತೋ, ಅವನ ಬಾಯ್ಲರ್ ಇನ್ನೂ ಇದೆ. ನಾನು ಬದುಕಿದ್ದೇನೆ, ನನ್ನದು ಗುಜರಿಗೆ ಹೋಯಿತು.

"ಇದನ್ನ ನಾನು ನೋಡ್ಬೇಕು" ಎಂದೆ.

ಮಗಳು ನಕ್ಕಳು. ನಾನು ನಗದಿದ್ದುದನ್ನು ನೋಡಿ ನಿಲ್ಲಿಸಿದಳು. ಆಮೇಲೆ ಮೇಷ್ಟರಾದಳು. ನೀರೊಳಗೆ ಯಾರೂ ಒಂಟಿಯಾಗಿ ಇಳಿಯುವಂತಿಲ್ಲ, ಪ್ರತಿಯೊಬ್ಬರಿಗೂ ಒಬ್ಬ ಜೋಡಿ ಇರಬೇಕು. ಒಬ್ಬರ ಸಾಮಾನನ್ನು ಇನ್ನೊಬ್ಬರು ತಪಾಸಣೆ ಮಾಡಬೇಕು, ಒಬ್ಬರ ಗಾಳಿ ತೀರಿದರೆ ಇನ್ನೊಬ್ಬರು ತಮ್ಮ ಸಿಲಿಂಡರಿನ ಬಿಡಿ ಕೊಳವೆಯಿಂದ ಕೊಡಬೇಕು. "ನಾನು ಇಡೀ ಗುಂಪನ್ನ ನೋಡ್ಕೋಬೇಕು, ನಿಮ್ಮ ಜೋಡಿ ಆಗೋಕಾಗಲ್ಲ. ಯಾರನ್ನ ಕರ್ಕೊಂಡ್ಬರ್ತೀರ?"

ಇಬ್ಬರೂ ಅಡುಗೆಮನೆಯ ಕಡೆ ನೋಡಿದೆವು. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಆಕೆಯ ಕಿವಿ ಬಲು ಸೂಕ್ಷ್ಮ.

"ನಾ ಬರ್ತೀನಿ" ಎಂದಳು ಹೆಂಡತಿ, ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು. "ಇವರನ್ನ ಒಬ್ಬರನ್ನ ಕಳಿಸಿದ್ರ ಅಲ್ಲೇ ಕೆಲಸಕ್ಕ ಸೇರ್ಕೊಂಡು ಬಿಡ್ತಾರ. ಆದ್ರ ಒಂದು ಮಾತು. ನಾ ಮ್ಯಾಲ ಅಂದ್ರ ಮ್ಯಾಲ. ಇನ್ನೊಂದು ಐದು ಮಿನಿಟು ಅನ್ನಂಗಿಲ್ಲ."

ಒಪ್ಪಿದೆ. ಮದುವೆಯಾದಂದಿನಿಂದ ಇಂಥ ಎಷ್ಟೋ ಮಾತಿಗೆ ಒಪ್ಪಿದ್ದೇನೆ, ಒಪ್ಪುವುದಕ್ಕೆ ಏನು ಕಷ್ಟ.

ರಿಚರ್ಡ್ಸ್ ಟೌನಿನ ಡಾಕ್ಟರೊಬ್ಬರು ನಮ್ಮ ಕಿವಿ, ಎದೆ, ರಕ್ತದೊತ್ತಡ ಎಲ್ಲ ಪರೀಕ್ಷಿಸಿದರು. ಹೆಂಡತಿಯ ಎದೆಗೆ ಕೊಳವೆ ಇಟ್ಟು, "ಅಮ್ಮಾ, ನೀವು ಯೋಗ ಮಾಡ್ತೀರಾ?" ಎಂದು ಕೇಳಿದರು. "ಇಲ್ರೀ, ರೊಟ್ಟಿ ಮಾಡ್ತೀನಿ" ಎಂದಳು. ನನ್ನ ಎದೆಗೆ ಇಟ್ಟಾಗ ಬೀಡಿ ಯಾವಾಗ ಬಿಟ್ಟಿರಿ ಎಂದಷ್ಟೇ ಕೇಳಿದರು. ಬಿಟ್ಟು ಎಂಟು ವರ್ಷವಾಗಿದ್ದು ನಿಜ. ಸಂಜೆ ಮಗಳು ಬಂದು ಸರ್ಟಿಫಿಕೇಟು ನೋಡಿ, ಇಬ್ಬರಿಗೂ ಒಂದೊಂದು ಪಠ್ಯಪುಸ್ತಕ ಕೊಟ್ಟಳು. ನನಗೆ ಕನ್ನಡಕದ ನಂಬರು ಹೆಚ್ಚಾಗಿದೆ ಎಂದು ತಿಳಿದದ್ದು ಆಗಲೇ.

ಹಳ್ಳಿಯ ಬಾವಿಯಲ್ಲಿ ಬಿದ್ದೆದ್ದವನಾದ್ದರಿಂದ ನನಗೆ ಈಜು ಬರುತ್ತಿತ್ತು. ಹೆಂಡತಿಗೆ ಬರುತ್ತಿರಲಿಲ್ಲ. ಆ ಬೇಸಿಗೆಯೆಲ್ಲ ಮಗಳು ಅವಳನ್ನು ಹಲಸೂರು ಕೆರೆಯ ಬಳಿಯ ಈಜುಕೊಳಕ್ಕೆ ಹೆಂಗಸರ ಹೊತ್ತಿನಲ್ಲಿ ಕರೆದುಕೊಂಡು ಹೋದಳು. ಹೋಗುವಾಗ ಮಗಳು ಮುಂದೆ, ತಾಯಿ ಹಿಂದೆ. ತಿಂಗಳು ಕಳೆಯುವಷ್ಟರಲ್ಲಿ ತಾಯಿ ಮುಂದೆ, ಮಗಳು ಹಿಂದೆ. ಇಂದಿರಾನಗರದ ಕೊಳದಲ್ಲಿ ಸ್ಕೂಬಾ ಪಾಠ ಶುರುವಾದಾಗ ಬಿಗಿಯಾದ ಕಪ್ಪು ರಬ್ಬರಿನ ಬಟ್ಟೆ ತೊಡಬೇಕಾಯಿತು. ಹೆಂಡತಿ ಅದರ ಮೇಲೆ ನೈಟಿ ಹಾಕಿಕೊಂಡೇ ಬಂದು, ನೀರಿನ ಅಂಚಿನಲ್ಲಿ ಅದನ್ನು ತೆಗೆದು ನನ್ನ ಕೈಗೆ ಕೊಟ್ಟು, ಯಾರಾದರೂ ನೋಡುವ ಮೊದಲೇ ದಡಬಡ ಇಳಿದುಬಿಟ್ಟಳು. "ನೀರಿಗಿಳಿದ ಮ್ಯಾಲ ಚಳಿಯೇನು ಮಳೆಯೇನು" ಎಂದು ಗಾದೆ ಬೇರೆ. ಕೊಳದ ಸುತ್ತ ಕಾಲೇಜು ಹುಡುಗರು, ನಡುವೆ ನೈಟಿ ಹಿಡಿದು ನಿಂತ ನಾನು.

ಗಾಳಿಯ ಲೆಕ್ಕ ಕಲಿಸುವಾಗ ಮಗಳು ಬಹಳ ಬಿಗಿ. ಪ್ರತಿಯೊಬ್ಬರ ಎದೆಯ ಪಕ್ಕದಲ್ಲೂ ಒಂದು ಗೇಜು ತೂಗುತ್ತಿರುತ್ತದೆ. ತುಂಬಿದ ಸಿಲಿಂಡರಿಗೆ ಮುಳ್ಳು ಇನ್ನೂರರಲ್ಲಿ ನಿಲ್ಲುತ್ತದೆ, ಐವತ್ತರಿಂದ ಕೆಳಗೆ ಕೆಂಪು. ನೂರಕ್ಕೆ ಬಂದರೆ ಹೇಳಬೇಕು, ಕೆಂಪು ಮುಟ್ಟುವ ಮೊದಲು ಮೇಲಕ್ಕೆ ಹೊರಡಬೇಕು. ಮೇಲೆ ಬರುವಾಗ ಐದು ಮೀಟರಿನ ಆಳದಲ್ಲಿ ಮೂರು ನಿಮಿಷ ನಿಂತು ದೇಹವನ್ನು ಹದಕ್ಕೆ ತರಬೇಕು, ಕೊನೆಯ ಆ ಐವತ್ತು ಅದಕ್ಕೆ.

"ಎಷ್ಟಿದೆ ಅಂತ ಕೇಳಿದ್ರೆ ನೋಡಿ ಹೇಳ್ಬೇಕು ಅಪ್ಪಾ. ಅಂದಾಜಲ್ಲಿ ಹೇಳ್ಬಾರ್ದು."

ನನಗೆ ನಗು ಬಂತು. ಗೇಜು ನೋಡುವುದನ್ನು ನನಗೆ ಕಲಿಸುತ್ತಾಳೆ! ಇವಳು ಹುಟ್ಟಿದಾಗಿನ ಬಾಣಂತನದ ಖರ್ಚು, ಶಾಲೆಯ ಶೂಜು ಎಲ್ಲ ನಾನು ಗೇಜು ನೋಡಿದ್ದರಿಂದ ಬಂದದ್ದು.

ಅಂತೂ ಒಂದು ಫೆಬ್ರವರಿಯಲ್ಲಿ ಅಂಡಮಾನಿಗೆ ಹೋದೆವು. ನೀರು ಸ್ನಾನಕ್ಕೆ ಕಾಯಿಸಿದಷ್ಟು ಬೆಚ್ಚಗಿತ್ತು. ದೋಣಿಯ ಅಂಚಿನಲ್ಲಿ ಕುಳಿತು ನಾನು ಹೆಂಡತಿಯ ಪಟ್ಟಿಗಳನ್ನೂ ಅವಳು ನನ್ನವನ್ನೂ ಎಳೆದು ನೋಡಿದೆವು. ಅವಳು ಎಳೆದ ಜೋರಿಗೆ ನನ್ನ ಹೊಟ್ಟೆ ಒಳಹೋಯಿತು. ಬೆನ್ನು ಹಾಕಿ ಮಗುಚಿಬಿದ್ದೆವು. ಕಿವಿ ಗುಂಯ್ ಎಂದಿತು, ಮೂಗು ಹಿಡಿದು ಊದಿದೆ, ಸರಿಯಾಯಿತು. ಕೆಳಗೆ ನೀಲಿ, ಇನ್ನೂ ಕೆಳಗೆ ಮಬ್ಬು, ಆ ಮಬ್ಬಿನಿಂದ ನಿಧಾನವಾಗಿ ಅದು ಎದ್ದು ಬಂತು.

ಅದನ್ನು ನೋಡಿದಾಗ ನನಗಾದ ಸಂತೋಷವನ್ನು ಹೇಳಿದರೆ ಹೆಂಡತಿಗೆ ಕೋಪ ಬರುತ್ತದೆ, ಅವಳನ್ನು ನೋಡಲು ಹೋದ ದಿನ ಅಷ್ಟಾಗಿರಲಿಲ್ಲ. ಎರಡಾಳು ಎತ್ತರದ ಬಾಯ್ಲರ್. ಒಂದೊಂದು ರಿವೆಟ್ಟೂ ಇದ್ದಲ್ಲೇ ಇತ್ತು. ಉರಿಬಾಯಿಯೊಂದರೊಳಗೆ ಕೆಂಪು ಪಟ್ಟೆಯ ಸಿಂಹಮೀನು ರೆಕ್ಕೆ ಬಿಚ್ಚಿಕೊಂಡು ತೂಗುತ್ತಿತ್ತು, ಬೆಂಕಿ ಇರಬೇಕಾದ ಕಡೆ ಬೆಂಕಿಯ ಬಣ್ಣದ್ದೇ ಒಂದು ಜೀವ. ಕೈ ತಡೆಯಲಿಲ್ಲ. ಬೆರಳ ಗೆಣ್ಣಿನಿಂದ ತಟ್ಟಿದೆ. ಹಿಂದಿನಿಂದ ಮಗಳು ಬಂದು, ಏನೂ ಮುಟ್ಟಬಾರದೆಂದು ಮೂಗಿನ ಮುಂದೆ ಬೆರಳಾಡಿಸಿದಳು. ಕ್ಷಮೆ ಕೇಳಲು ಬಾಯಿ ಖಾಲಿ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಅವಳು ಗಾಳಿ ಎಷ್ಟಿದೆ ಎಂದು ಸನ್ನೆ ಮಾಡಿದಳು. ನೋಡಿದೆ, ನೂರು. ಹೇಳಿದೆ. ಅವಳು ಗುಂಪಿನಲ್ಲಿದ್ದ ಇನ್ನಿಬ್ಬರ ಕಡೆ ತಿರುಗಿದಳು. ನಾನು ಬಾಯ್ಲರಿನ ಹಿಂಭಾಗಕ್ಕೆ ಹೋದೆ. ಅಲ್ಲಿ ತಟ್ಟೆಯ ಒಂದು ಕಡೆ ಯಾವನೋ ಫಿಟ್ಟರು ತೇಪೆ ಹಾಕಿದ್ದ. ಅಚ್ಚುಕಟ್ಟಾದ ಕೆಲಸ, ಅವನ ಕೈ ನೋಡಿದ ಹಾಗಾಯಿತು. ಎಷ್ಟು ಹೊತ್ತು ಅಲ್ಲಿದ್ದೆನೋ, ಮತ್ತೆ ಗೇಜು ನೋಡಿದಾಗ ಮುಳ್ಳು ಕೆಂಪಿಗೆ ತಾಗಿತ್ತು.

ಆಗ ನಾನು ಮಾಡಿದ್ದು ಬಾಯ್ಲರಿನವರು ಮಾತ್ರ ಮಾಡುವ ತಪ್ಪು. ಕೆಲಸ ಕಲಿಸಿದ ಹಿರಿಯರು ನಮಗೆ ಹೇಳುತ್ತಿದ್ದುದೇ ಹಾಗೆ: ಕೆಂಪು ಗೆರೆ ಹೊಸಬರಿಗೆ, ತಯಾರಿಸಿದವನು ಅದರಾಚೆಗೂ ಒಂದಷ್ಟು ಬಚ್ಚಿಟ್ಟಿರುತ್ತಾನೆ, ಕೈ ಪಳಗಿದವನು ಅದನ್ನು ಬಳಸುತ್ತಾನೆ. ಕಬ್ಬಿಣದಲ್ಲಿ ಅದು ಸುಳ್ಳಲ್ಲ. ಆ ಬುದ್ಧಿಯನ್ನೇ ನಾನು ಹದಿನಾಲ್ಕು ಮೀಟರು ನೀರಿನ ಕೆಳಗೂ ಹೊತ್ತು ತಂದಿದ್ದೆ. ಮಗಳು ದೂರದಿಂದ ಮತ್ತೆ ಎಷ್ಟು ಎಂದು ಕೇಳಿದಳು. ಗೇಜನ್ನು ಎದೆಗೆ ಅವುಚಿಕೊಂಡು, ಬೆರಳಿನಲ್ಲಿ ಎಂಬತ್ತು ಎಂದು ತೋರಿಸಿದೆ. ನನಗೆ ಬೇಕಾಗಿದ್ದದ್ದು ಎರಡೇ ನಿಮಿಷ, ಆ ಕಿಂಡಿಯೊಳಗೆ ಒಮ್ಮೆ ಇಣುಕಿ ಬರುವುದು.

ಕಿಂಡಿಯಿಂದ ತಲೆ ಹೊರಗೆ ತೆಗೆದಾಗ ಹೆಂಡತಿ ಎದುರಿಗಿದ್ದಳು. ಮೇಲೆ ಹೋಗೋಣ ಎಂದು ಸನ್ನೆ ಮಾಡಿದಳು. ನಾನು ಇನ್ನೊಂದು ನಿಮಿಷ ಎಂದು ಒಂದು ಬೆರಳು ಎತ್ತಿದೆ. ಅವಳು ನನ್ನ ಬೆರಳನ್ನು ನೋಡಲಿಲ್ಲ. ನೇರ ಕೈ ಹಾಕಿ, ಎದೆಗೆ ಅವುಚಿದ್ದ ಗೇಜನ್ನು ಎಳೆದು ತಿರುಗಿಸಿದಳು. ಮುಳ್ಳು ಕೆಂಪಿನ ತಳದಲ್ಲಿತ್ತು.

ನೀರುಗನ್ನಡಕದ ಗಾಜಿನೊಳಗಿಂದ ಅವಳ ಕಣ್ಣು ಕಂಡಿತು. ಬೈಯುವ ಕಣ್ಣಾಗಿದ್ದರೆ ನನಗೆ ಅಭ್ಯಾಸವಿತ್ತು. ಅದು ಹೆದರಿದ ಕಣ್ಣು.

ಅವಳು ನನ್ನ ಹೆಗಲ ಪಟ್ಟಿಯನ್ನು ಬಿಗಿಯಾಗಿ ಹಿಡಿದಳು, ಇನ್ನೊಂದು ಕೈಯಲ್ಲಿ ಸಿಲಿಂಡರನ್ನು ಟಣಟಣ ಬಡಿದು ಮಗಳನ್ನು ಕರೆದಳು. ಮಗಳು ನಾಲ್ಕು ಕಾಲೊದೆತದಲ್ಲಿ ಬಂದು ನೋಡಿ, ಎಲ್ಲರಿಗೂ ಮೇಲಕ್ಕೆ ಎಂದು ಸನ್ನೆ ಮಾಡಿದಳು. ನಿಧಾನವಾಗಿ ಏರಿದೆವು. ಐದು ಮೀಟರಿಗೆ ಬಂದು ಮೂರು ನಿಮಿಷದ ನಿಲುಗಡೆ ಶುರುವಾದ ಸ್ವಲ್ಪ ಹೊತ್ತಿಗೆ ನನಗೆ ಕೊಳವೆಯಿಂದ ಉಸಿರೆಳೆಯುವುದು ಕಷ್ಟವಾಯಿತು. ಎಳೆದರೆ ಬರುತ್ತಿಲ್ಲ. ಇನ್ನೊಮ್ಮೆ ಎಳೆದೆ, ಇಲ್ಲ. ಬಚ್ಚಿಟ್ಟಿದ್ದು ಎಂದು ಏನೂ ಇರಲಿಲ್ಲ, ಕೆಂಪು ಎಂದರೆ ಕೆಂಪೇ. ಮಗಳು ತನ್ನ ಕೊಳವೆ ಚಾಚುವಷ್ಟರಲ್ಲಿ ಹೆಂಡತಿಯ ಬಿಡಿ ಕೊಳವೆ ನನ್ನ ತುಟಿಗೆ ತಾಗಿತ್ತು. ಕಚ್ಚಿಕೊಂಡೆ. ಗಾಳಿ ಬಂತು.

ಉಳಿದ ಎರಡು ನಿಮಿಷ ಅವಳ ಬೆನ್ನಿನ ಗಾಳಿಯನ್ನು ಇಬ್ಬರೂ ಉಸಿರಾಡಿದೆವು. ನಾನು ಗಬಗಬ ಎಳೆಯುತ್ತಿದ್ದೆ, ಅವಳು ಮೆಲ್ಲಗೆ. ಅವಳ ಕೈ ನನ್ನ ಪಟ್ಟಿಯನ್ನು ಬಿಡಲಿಲ್ಲ. ನನಗೆ ತುಂಬಾ ನಾಚಿಕೆಯಾಯಿತು.

ದೋಣಿಯಲ್ಲಿ ನಾನು ನಿಲ್ಲಿಸದೆ ಮಾತಾಡಿದೆ. ತೇಪೆ ಹೇಗಿತ್ತು, ರಿವೆಟ್ಟು ಹೇಗಿತ್ತು, ಕಿಂಡಿಯೊಳಗೆ ಏನಿತ್ತು. ತಪ್ಪು ಮಾಡಿದ ಗಂಡಸಿನ ಬಾಯಿಗೆ ಬೀಗವಿರುವುದಿಲ್ಲ. ಹೆಂಡತಿ ಟವೆಲಿನಲ್ಲಿ ತಲೆ ಒರೆಸಿಕೊಂಡಳು, ಮಗಳು ಸಿಲಿಂಡರುಗಳನ್ನು ಎಣಿಸಿದಳು.

ಮಧ್ಯಾಹ್ನ ಊಟವಾದ ಮೇಲೆ ಉಳಿದುಕೊಂಡಿದ್ದ ಮನೆಯ ಜಗಲಿಯಲ್ಲಿ ಮಗಳು ನಮ್ಮ ಮುಂದೆ ಎರಡು ಪುಟ್ಟ ಪುಸ್ತಕಗಳನ್ನು ಇಟ್ಟಳು. ಎಷ್ಟು ಆಳ, ಎಷ್ಟು ಹೊತ್ತು, ಇಳಿಯುವಾಗ ಗಾಳಿ ಎಷ್ಟು, ಮೇಲೆ ಬಂದಾಗ ಎಷ್ಟು ಎಂದು ಬರೆಯಬೇಕು. ಕೆಳಗೆ ಜೋಡಿಯ ಸಹಿ, ಅದರ ಕೆಳಗೆ ಕಲಿಸಿದವರ ಸಹಿ. ಇವೆರಡು ಬಿದ್ದರೆ ಪಾಸು.

ಈ ಕೆಲಸ ನನಗೆ ನೀರು ಕುಡಿದಷ್ಟು ಸಲೀಸು. ಕಾರ್ಖಾನೆಯಲ್ಲಿ ಗಂಟೆಗೊಮ್ಮೆ ಗೇಜು ನೋಡಿ ಪುಸ್ತಕದಲ್ಲಿ ಬರೆಯಬೇಕೆಂದು ನಿಯಮ. ಎಂಟೂ ಗಂಟೆಗಳದ್ದನ್ನು ಬೆಳಗ್ಗೆಯೇ ಒಂದೇ ಸಲ ಬರೆದಿಟ್ಟುಬಿಡುತ್ತಿದ್ದೆವು, ಬರೆದದ್ದು ಚೆನ್ನಾಗಿದ್ದರೆ ತಪಾಸಣೆಗೆ ಬಂದವರೂ ಖುಷಿಯಾಗಿ ಹೋಗುತ್ತಿದ್ದರು. ಆ ಕೈಯಲ್ಲೇ, ಮೇಲೆ ಬಂದಾಗ ಗಾಳಿ ಎಂಬ ಖಾನೆಯಲ್ಲಿ ಐವತ್ತು ಎಂದು ಬರೆದು ಹೆಂಡತಿಯ ಕಡೆ ತಳ್ಳಿದೆ.

ಅವಳು ಅಂಕಿ ನೋಡಿದಳು. ಪೆನ್ನು ಕೆಳಗಿಟ್ಟಳು. "ನಾ ಸಹಿ ಹಾಕಂಗಿಲ್ಲ."

"ಒಂದು ಸಹಿ ತಾನೇ" ಎಂದೆ. "ಎಲ್ಲ ಸರಿಹೋಯ್ತಲ್ಲ."

ಮಗಳು ಸಮುದ್ರದ ಕಡೆ ಮುಖ ಮಾಡಿ ಕುಳಿತಿದ್ದಳು. "ಅಮ್ಮ ಹಾಕಿದ್ರೆ ನಾನೂ ಹಾಕ್ತೀನಿ" ಎಂದಳು, ತಿರುಗದೆ. ಅವಳ ಧ್ವನಿ ಸಣ್ಣಗಾಗಿತ್ತು. ನಾನು ಕೇಳುತ್ತಿದ್ದದ್ದು ಅವಳ ಕೆಲಸವನ್ನೇ ಸುಳ್ಳಿನ ಮೇಲೆ ಇಡು ಎಂದು, ಅದು ನನಗೆ ಆಗ ತಲೆಗೆ ಹೋಯಿತು.

ಹೆಂಡತಿ ತನ್ನ ಪುಸ್ತಕವನ್ನು ನನ್ನ ಮುಂದೆ ತಿರುಗಿಸಿದಳು. ಎಲ್ಲ ಖಾನೆಗಳೂ ದುಂಡಗೆ ತುಂಬಿದ್ದವು. ಕೊನೆಯದು ಮಾತ್ರ ಖಾಲಿ.

"ನಿಮ್ಮ ಮುಳ್ಳು ನೋಡಿದ ಮ್ಯಾಲ ನಂದು ನೋಡೋದೇ ಮರ್ತು ಬಿಟ್ಟೆ. ನಿಮಗ ಗಾಳಿ ಕೊಡೋವಾಗ ನನ್ನ ಹತ್ರ ಎಷ್ಟಿತ್ತೋ ನನಗ ಗೊತ್ತಿಲ್ಲ. ಮ್ಯಾಲ ಬಂದ ಮ್ಯಾಲೂ ನೋಡ್ಲಿಲ್ಲ, ದೋಣಿಯವರು ಸಿಲಿಂಡರು ಬಿಚ್ಚಿ ಒಯ್ದರು. ಇಲ್ಲಿ ಏನಂತ ಬರೀಲಿ, ನೀವೇ ಹೇಳ್ರಿ."

ಎರಡು ನಿಮಿಷದ ಕಿಂಡಿಗಾಗಿ ನಾನು ಕಳೆದುಕೊಳ್ಳಬಹುದಾಗಿದ್ದದ್ದು ನನ್ನ ಉಸಿರನ್ನಷ್ಟೇ ಎಂದುಕೊಂಡಿದ್ದೆ. ಅವಳದ್ದೂ ಆ ಲೆಕ್ಕದಲ್ಲಿತ್ತು. ಕಣ್ಣು ತುಂಬಿತು. ಈ ಸಲ ಹೊಗೆ ಎನ್ನುವ ಧೈರ್ಯವಾಗಲಿಲ್ಲ. ಐವತ್ತನ್ನು ಹೊಡೆದು ಹಾಕಿ ಸೊನ್ನೆ ಎಂದು ಬರೆದೆ. ಅವಳು ಸಹಿ ಹಾಕಿದಳು.

ಮಗಳು ನನ್ನ ಪುಸ್ತಕ ನೋಡಿ ತಲೆಯಾಡಿಸಿದಳು. "ಇದಕ್ಕೆ ನಾನು ಪಾಸ್ ಕೊಡಲ್ಲ ಅಪ್ಪಾ. ನೀವು ಪೂಲಿಂದ ಮತ್ತೆ ಶುರು ಮಾಡ್ಬೇಕು." ಹೂಂ ಎಂದೆ. ನ್ಯಾಯವೇ. ಅವಳು ತಾಯಿಯ ಪುಸ್ತಕ ಎಳೆದುಕೊಂಡು, "ಅಮ್ಮಾ, ನಿಂದು ಪಾಸು. ಅಷ್ಟು ಶಾಂತವಾಗಿ ಗಾಳಿ ಕೊಟ್ಟೋರನ್ನ ನಾನು ನೋಡೇ ಇಲ್ಲ. ಆ ಖಾನೆ ನಾನು ನೋಡ್ಕೋತೀನಿ" ಎಂದು ಪೆನ್ನು ಎತ್ತಿದಳು.

ಹೆಂಡತಿ ಪುಸ್ತಕದ ಮೇಲೆ ಅಂಗೈ ಇಟ್ಟಳು.

"ನನಗೂ ಬ್ಯಾಡ. ನಾನೂ ಗೇಜು ನೋಡಿಲ್ಲ."

"ಅಮ್ಮಾ, ನಿನ್ನದು ಬೇರೆ."

"ಬ್ಯಾರೆ ಇಲ್ಲ. ಇವರು ನೋಡಿ ಸುಳ್ಳು ಹೇಳಿದ್ರು, ನಾ ನೋಡ್ಲೇ ಇಲ್ಲ. ಇಬ್ಬರೂ ಮತ್ತ ಕಲೀತೀವಿ."

ಅವಳು ಪಾಸಾಗಿದ್ದಳು, ಬೇಡ ಅಂದಳು. ನನಗಾಗಿಯೇ ಅಂದಳೋ ನಿಯಮಕ್ಕಾಗಿ ಅಂದಳೋ ನಾನು ಕೇಳಲಿಲ್ಲ, ಕೇಳಿದರೆ ನಿಯಮಕ್ಕಾಗಿ ಎನ್ನುತ್ತಾಳೆ ಎಂದು ಗೊತ್ತಿತ್ತು.

ಊರಿಗೆ ಬಂದ ಎರಡನೆಯ ಭಾನುವಾರ ಮತ್ತೆ ಇಂದಿರಾನಗರದ ಕೊಳದ ಆಳವಿಲ್ಲದ ತುದಿಯಲ್ಲಿ, ಹೊಸ ಹುಡುಗ ಹುಡುಗಿಯರ ಸಾಲಿನ ಕೊನೆಯಲ್ಲಿ ಇಬ್ಬರೂ ನೀರಿನಡಿ ಮೊಣಕಾಲೂರಿ ಕುಳಿತೆವು. ಮಗಳು ಒಬ್ಬೊಬ್ಬರ ಮುಂದೆಯೂ ಬಂದು ಗಾಳಿ ಎಷ್ಟು ಎಂದು ಸನ್ನೆಯಲ್ಲಿ ಕೇಳಿದಳು. ನನ್ನ ಸರದಿ ಬಂತು. ನಾನು ಪಕ್ಕಕ್ಕೆ ಬಾಗಿ, ಹೆಂಡತಿಯ ಗೇಜನ್ನು ಎತ್ತಿ, ಮುಳ್ಳನ್ನು ಸರಿಯಾಗಿ ನೋಡಿ, ನೂರ ಎಂಬತ್ತು ಎಂದು ಬೆರಳು ತೋರಿಸಿದೆ.

ಮಗಳು ನನ್ನನ್ನೂ ಎಳೆದುಕೊಂಡು ನೀರಿನಿಂದ ತಲೆಯೆತ್ತಿ, ಬಾಯಿಯ ಕೊಳವೆ ತೆಗೆದು, ಇಡೀ ಕೊಳಕ್ಕೆ ಕೇಳುವ ಹಾಗೆ ಕೂಗಿದಳು: "ಅಪ್ಪಾ, ನಾನು ಕೇಳಿದ್ದು ನಿಮ್ದು!"